ಮೊಬೈಲ್ ವ್ಯಾಪಾರ ಮತ್ತು ಕಾನೂನು: ಹಾಕುವ ಮೊದಲು ಒಮ್ಮೆ ಓದೋಣ

(ಮಹಾಲಿಂಗಪುರದಲ್ಲಿ ಸೇರಿದ್ದ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಸಭೆಗೆ ಬರಲಾಗದ ಸದಸ್ಯೆಯರಿಗೆ ವಾರದ ಸಭೆಯಲ್ಲಿ ಓದಿ ಹೇಳಬೇಕಾಗಿ ವಿನಂತಿ.)



ಒಂದು ಕಾಲದಲ್ಲಿ ಇಂಥ ಸಭೆ ಸೇರಿದರೆ ಉಳಿತಾಯದ ಪುಸ್ತಕ ಬರೆಯುವುದು ಹೇಗೆ, ಬ್ಯಾಂಕಿನಲ್ಲಿ ಖಾತೆ ತೆಗೆಯುವುದು ಹೇಗೆ ಎಂಬುದೇ ಮಾತಾಗಿರುತ್ತಿತ್ತು. ಇಂದು ನೀವು ಅದನ್ನೆಲ್ಲ ದಾಟಿ ಬಂದಿದ್ದೀರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಕೌದಿ, ಸೀರೆ ಎಲ್ಲವನ್ನೂ ಮಾಡಿ ಮಾರುತ್ತಿದ್ದೀರಿ. ಮೊದಲು ಸಂತೆಗೆ ಹೋಗಿ ಮಾರಬೇಕಾಗಿತ್ತು. ಈಗ ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿದರೆ ಬೆಳಗಾವಿಯಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಆರ್ಡರ್ ಬರುತ್ತದೆ. ಇದು ಸಂತೋಷದ ವಿಷಯ. ಆದರೆ ಈ ಹೊಸ ಸಂತೆಗೂ ಕಾನೂನು ಇದೆ. ಅದನ್ನು ತಿಳಿಯದೆ ನಡೆದರೆ ಏನಾಗುತ್ತದೆ ಎಂಬುದನ್ನು ಇಂದು ನಿಮ್ಮ ಜೊತೆ ಹಂಚಿಕೊಳ್ಳುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪು

ಬೇರೆಯವರ ತಪ್ಪು ಹೇಳುವ ಮೊದಲು ನಮ್ಮದನ್ನು ಹೇಳಬೇಕು. ಒಂದು ಸಂಘದ ಅಕ್ಕನವರು ಗಾಣದಿಂದ ಬೆಲ್ಲ ತಂದು, ಪೊಟ್ಟಣ ಮಾಡಿ, ವಾಟ್ಸಾಪಿನಲ್ಲಿ ಮಾರಲು ಶುರುಮಾಡಿದರು. ಮಹಾಲಿಂಗಪುರದ ಬೆಲ್ಲ ಅಂದರೆ ಹೆಸರಿದೆಯಲ್ಲ, ಕೇಳುವವರು ಸಿಕ್ಕೇ ಸಿಗುತ್ತಾರೆ. "ಒಂದು ಚಂದನ ಕಾರ್ಡ್ ಮಾಡಿಕೊಡ್ರಿ" ಎಂದು ನಮ್ಮ ಆಫೀಸಿಗೆ ಬಂದರು. ನಾವೇ ಕುಳಿತು ಮಾಡಿಕೊಟ್ಟೆವು. ಬೆಲ್ಲದ ಪೆಂಟಿಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಮೂರು ಸಾಲು: ನೂರಕ್ಕೆ ನೂರು ಸಾವಯವ. ಯಾವ ರಾಸಾಯನಿಕವೂ ಇಲ್ಲ. ಸಕ್ಕರೆ ಕಾಯಿಲೆ ಇದ್ದವರೂ ತಿನ್ನಬಹುದು.

ಈ ಮಾತುಗಳನ್ನು ನಮಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಬೇರೆ ಯಾರದೋ ಕಾರ್ಡಿನಲ್ಲಿ ನೋಡಿದ್ದೆವು, ಹಾಗೇ ಇಳಿಸಿಕೊಂಡೆವು.

ಎರಡು ತಿಂಗಳ ಮೇಲೆ ಬೆಳಗಾವಿಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. "ನಮ್ಮವ್ವಗ ಶುಗರ್ ಐತ್ರಿ. ನಿಮ್ಮ ಕಾರ್ಡ್ ನೋಡಿ ದಿನಾ ಚಹಾಕ್ಕ ಬೆಲ್ಲಾನ ಹಾಕ್ಕೊಂಡು ಕುಡದಾಳ. ಈಗ ಶುಗರ್ ಭಾಳ ಏರೇತಿ, ದವಾಖಾನಿಗೆ ಹಾಕೇವಿ. ನೀವು ಬರದಿದ್ದು ಖರೇನೋ ಸುಳ್ಳೋ, ಅಷ್ಟ ಹೇಳ್ರಿ" ಎಂದರು. ನಮ್ಮ ಬಳಿ ಉತ್ತರ ಇರಲಿಲ್ಲ. ಬೆಲ್ಲದಲ್ಲಿಯೂ ಹೆಚ್ಚಿನ ಪಾಲು ಸಕ್ಕರೆಯ ಅಂಶವೇ. ಅದೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಯಾವ ಡಾಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾವು ಕೇಳಿರಲಿಲ್ಲ.

ಕ್ಷಮೆ ಕೇಳಿದೆವು. ಆ ತಾಯಿ ಗುಣವಾಗಿ ಮನೆಗೆ ಬಂದರು. ಮಗಳು ದೂರು ಕೊಡಲಿಲ್ಲ, ಅದು ಅವರ ದೊಡ್ಡತನ. ಕಾರ್ಡನ್ನು ಅಂದೇ ತೆಗೆದೆವು. ಆದರೆ ಅಷ್ಟರಲ್ಲಿ ಅದು ಎಷ್ಟು ಗ್ರೂಪಿಗೆ ಹೋಗಿತ್ತೋ ಏನೋ! ಆರು ತಿಂಗಳ ನಂತರವೂ ಅದೇ ಕಾರ್ಡ್ ತೋರಿಸಿ "ಶುಗರ್‌ನವರಿಗೆ ನಡೀತದಲ್ರಿ?" ಎಂದು ಫೋನ್ ಬರುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಮೊಬೈಲಿನಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ಉಳಿದುಬಿಡುತ್ತದೆ. ಇಂದಿನ ನಮ್ಮ ಮಾತಿನ ತಿರುಳು ಇಷ್ಟೇ.

ಬಾಯಿಮಾತು ಮತ್ತು ಬರೆದುಕೊಟ್ಟ ಮಾತು

ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಂತಾಗ "ಬರ್ರಿ ಅಕ್ಕಾ, ನಮ್ಮಂಥಾ ರೊಟ್ಟಿ ಊರಾಗ ಎಲ್ಲೂ ಸಿಗೂದಿಲ್ಲ" ಅನ್ನುತ್ತೇವೆ. ಕೇಳಿದವರು ನಕ್ಕು ತಗೊಂಡು ಹೋಗುತ್ತಾರೆ. ಅದು ಅಲ್ಲಿಗೆ ಮುಗಿಯಿತು. ಅದೇ ಸಂಘದ ಹೆಸರು, ಫೋನ್ ನಂಬರ್ ಹಾಕಿ ವಾಟ್ಸಾಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಒಂದು ಗುಣ ಹೇಳಿದರೆ ಅದು ಜಾಹೀರಾತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ಬರಹಕ್ಕೂ ಕಾಗದದ ಬರಹದಷ್ಟೇ ಮಾನ್ಯತೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮೊಬೈಲಿನ ಸಂದೇಶ ಕೋರ್ಟಿನಲ್ಲಿ ಸಾಕ್ಷಿಯಾಗುವುದು ಹೇಗೆ ಎಂದು ಹೇಳಿದೆ. ಹಾಗಾಗಿ ಗ್ರೂಪಿನಲ್ಲಿ ಹಾಕುವ ಒಂದೊಂದು ಸಾಲನ್ನೂ ನಾವು ಸಹಿ ಮಾಡಿ ಕೊಟ್ಟ ಕಾಗದ ಎಂದೇ ತಿಳಿಯಬೇಕು.

ಗುಣ ಹೇಳುವಾಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಗೆ ಬಂತು. ಅದರ ಪ್ರಕಾರ ಜನರನ್ನು ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ಹೋಗಬಹುದು. ಆಹಾರ ಪದಾರ್ಥದ ಸುಳ್ಳು ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿಯೂ ಹತ್ತು ಲಕ್ಷದವರೆಗೆ ದಂಡ ಇದೆ. ನಮ್ಮಂಥ ಸಣ್ಣವರ ಮೇಲೆ ಅಷ್ಟು ದೊಡ್ಡ ದಂಡ ಹಾಕುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೆ ಸಣ್ಣವರು ಎಂದು ಕಾನೂನು ನಮ್ಮನ್ನು ಹೊರಗೆ ಬಿಟ್ಟಿಲ್ಲ.

ರೋಗ ಗುಣವಾಗುತ್ತದೆ ಎಂಬ ಮಾತಿನಲ್ಲಿ ಬಹಳ ಎಚ್ಚರ ಬೇಕು. "ಅಗಸಿ ಹಿಂಡಿ ತಿಂದ್ರ ಬಿ.ಪಿ. ಇಳೀತದ", "ಈ ಪುಡಿಯಿಂದ ಶುಗರ್ ಹೋಗ್ತದ" ಎಂದು ಬರೆಯುವುದು ಸಾಮಾನ್ಯವಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಮುಂತಾದ ರೋಗಗಳನ್ನು ವಾಸಿ ಮಾಡುತ್ತೇವೆ ಎಂಬ ಔಷಧಿಯ ಜಾಹೀರಾತುಗಳನ್ನು ತಡೆಯಲು 1954ರಲ್ಲಿಯೇ ಕಾಯ್ದೆ ಬಂದಿದೆ. ಪತಂಜಲಿಯಂಥ ದೊಡ್ಡ ಕಂಪನಿಯೇ ಇಂಥ ಜಾಹೀರಾತಿನ ವಿಷಯದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತು, ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ರುಚಿ ಹೇಳಿ, ಬಣ್ಣ ಹೇಳಿ, ಮಾಡುವ ರೀತಿ ಹೇಳಿ. ರೋಗದ ಮಾತು ಡಾಕ್ಟರಿಗೆ ಬಿಡಿ.

"ಸಾವಯವ" ಎಂಬ ಶಬ್ದವೂ ಹಾಗೆಯೇ. 2017ರಲ್ಲಿ ಸಾವಯವ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ಬಂದಿದೆ, ಅದಕ್ಕೆ ಪ್ರಮಾಣಪತ್ರದ ಪದ್ಧತಿ ಇದೆ. ಕಬ್ಬಿಗೆ ಯಾವ ಗೊಬ್ಬರ ಹಾಕಿದ್ದರು, ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕಾಯಿಸುವಾಗ ಹೈಡ್ರೋಸ್ ಹಾಕಿದ್ದರೋ ಇಲ್ಲವೋ ಎಂಬುದು ಗಾಣದವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು. ಬರೆಯಲೇಬೇಕೆಂದರೆ ಮೊದಲು ಬೆಲ್ಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರದ ಬಗ್ಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ತಿನ್ನುವ ಪದಾರ್ಥ ಮಾರುವ ಪ್ರತಿ ಸಂಘವೂ ಆಹಾರ ಸುರಕ್ಷತೆ ಇಲಾಖೆಯಲ್ಲಿ ನೋಂದಣಿ ಮಾಡಿಸಲೇಬೇಕು. ಸಣ್ಣ ವ್ಯಾಪಾರಕ್ಕೆ ಶುಲ್ಕ ಬಹಳ ಕಡಿಮೆ. ಹದಿನಾಲ್ಕು ಅಂಕಿಯ ಒಂದು ನಂಬರ್ ಕೊಡುತ್ತಾರೆ. ಅದು ಪೊಟ್ಟಣದ ಮೇಲೆ ಇರಬೇಕು. ಅದರ ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದೆ, ತೂಕ, ತಯಾರಾದ ತಿಂಗಳು, ಎಷ್ಟು ದಿನದೊಳಗೆ ತಿನ್ನಬೇಕು, ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ, ಸಂಘದ ಹೆಸರು ವಿಳಾಸ, ದೂರು ಹೇಳಲು ಫೋನ್ ನಂಬರ್ ಇಷ್ಟೂ ಇರಲಿ. ಇದನ್ನೇ ಮೊಬೈಲಿನ ಕಾರ್ಡಿನಲ್ಲೂ ಹಾಕಿ. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಕಾಗಿಲ್ಲ.

ಇನ್ನೊಂದು ಮಾತು. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಕಾರ್ಡಿನ ಕೆಳಗೆ ಹಾಕಿಬಿಡುತ್ತೇವೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ ಮೂವತ್ತು ದಿನದೊಳಗೆ, ವಾಪಸ್ ತಗೊಳ್ಳದಿರುವುದು ತಪ್ಪು ವ್ಯಾಪಾರ ಪದ್ಧತಿ ಎಂದು 2019ರ ಕಾಯ್ದೆ ಹೇಳುತ್ತದೆ. ಬಿಲ್ ಕೊಡದಿರುವುದೂ ತಪ್ಪೇ. ಗ್ರಾಹಕರು ತಾವು ಇರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಂದರೆ ಬೆಂಗಳೂರಿನವರು ಬೆಂಗಳೂರಿನಲ್ಲಿ ದೂರು ಕೊಟ್ಟರೆ ಉತ್ತರ ಕೊಡಲು ನಾವು ಅಲ್ಲಿಯವರೆಗೆ ಓಡಾಡಬೇಕು. ಒಂದು ಸೀರೆಯ ದುಡ್ಡು ವಾಪಸ್ ಕೊಡುವುದು ಅದಕ್ಕಿಂತ ಹಗುರ.

ಹೆಸರು, ಫೋಟೋ, ಹಾಡು

ರಬಕವಿ, ಬನಹಟ್ಟಿ, ಮಹಾಲಿಂಗಪುರ ನೇಕಾರರ ಊರುಗಳು. ನಮ್ಮಲ್ಲಿ ಕೈಮಗ್ಗ ಕಡಿಮೆಯಾಗಿ ವಿದ್ಯುತ್ ಮಗ್ಗ ಹೆಚ್ಚಾಗಿದೆ. ವಿದ್ಯುತ್ ಮಗ್ಗದ ಸೀರೆ ಮಾರುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಆದರೆ ಅದನ್ನೇ "ಅಸಲಿ ಕೈಮಗ್ಗದ ಇಳಕಲ್ಲ ಸೀರೆ" ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಎರಡು ಸುಳ್ಳು ಹೇಳಿದಂತೆ. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿ ಎಂಬ ರಕ್ಷಣೆ ಇದೆ. ಆ ಊರಿನ ನೇಕಾರರ ತಲೆಮಾರಿನ ಕಸುಬಿಗೆ ಸರ್ಕಾರ ಕೊಟ್ಟ ಗುರುತು ಅದು. ಅದನ್ನು ಸುಳ್ಳಾಗಿ ಬಳಸಿದರೆ 1999ರ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ಕಾನೂನು ಬದಿಗಿರಲಿ, ಕೈಮಗ್ಗದ ಮುಂದೆ ದಿನವಿಡೀ ಕುಂತು ಸೆರಗು ಜೋಡಿಸುವವಳೂ ನಮ್ಮಂಥ ಹೆಣ್ಣುಮಗಳೇ. ಅವಳ ಕೂಲಿಯನ್ನು ನಾವು ಸುಳ್ಳಿನಿಂದ ಕಸಿದುಕೊಳ್ಳಬಾರದು.

ಫೋಟೋ ವಿಷಯ. ಬೇರೆ ಅಂಗಡಿಯವರ ಪೇಜಿನಲ್ಲಿ ಚಂದದ ಸೀರೆಯ ಫೋಟೋ ಕಾಣುತ್ತದೆ. ಇಳಿಸಿಕೊಂಡು, ಅವರ ಹೆಸರನ್ನು ಕತ್ತರಿಸಿ, ನಮ್ಮ ನಂಬರ್ ಹಾಕುತ್ತೇವೆ. ಫೋಟೋ ತೆಗೆದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕಿದೆ. ಅವರನ್ನು ಕೇಳದೆ ಬಳಸುವಂತಿಲ್ಲ. ಮೇಲಾಗಿ ಫೋಟೋದಲ್ಲಿ ಒಂದು ಸೀರೆ, ಪಾರ್ಸಲ್ಲಿನಲ್ಲಿ ಇನ್ನೊಂದು ಸೀರೆ ಆದರೆ ಗ್ರಾಹಕರಿಗೆ ಮೋಸ. ನಮ್ಮ ಮಾಲಿನ ಫೋಟೋವನ್ನು ನಾವೇ ತೆಗೆಯೋಣ. ಬಾಗಿಲ ಮುಂದಿನ ಬೆಳಕು ಸಾಕು. ನಮ್ಮ ಸದಸ್ಯೆಯೇ ಸೀರೆ ಉಟ್ಟು ನಿಂತಿದ್ದರೆ, ಆ ಫೋಟೋ ಹೊರಗೆ ಹೋಗಲು ಅವಳ ಒಪ್ಪಿಗೆ ಕೇಳೋಣ. ಮುಂದೆ ಅವಳು ಬೇಡ ಅಂದರೆ ತೆಗೆಯೋಣ.

ಹಾಡಿನ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ರೊಟ್ಟಿ ಬಡಿಯುವ ವಿಡಿಯೋಗೆ ಸಿನಿಮಾ ಹಾಡು ಜೋಡಿಸಿದರೆ ಏನು ತಪ್ಪು? 2022ರಲ್ಲಿ ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಕೆ.ಜಿ.ಎಫ್. ಚಾಪ್ಟರ್ 2 ಚಿತ್ರದ ಸಂಗೀತ ಬಳಸಿದ್ದಾರೆ ಎಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ದೂರು ಕೊಟ್ಟಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯ ಆ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶ ಮಾಡಿತು. ಮರುದಿನ ಹೈಕೋರ್ಟ್, ಆ ವಿಡಿಯೋಗಳನ್ನು ತೆಗೆಯಬೇಕು ಎಂಬ ಷರತ್ತಿನ ಮೇಲೆ ಆ ಆದೇಶವನ್ನು ಬದಿಗಿಟ್ಟಿತು. ಪೊಲೀಸ್ ಪ್ರಕರಣ ರದ್ದುಮಾಡಿ ಎಂದು ಕೇಳಿದಾಗ 2023ರ ಜೂನ್‌ನಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ವಕೀಲರ ಪಡೆಯೇ ಇರುವ ಪಕ್ಷದ ಪಾಡು ಇದಾದರೆ ನಮ್ಮದೇನು? ರೊಟ್ಟಿ ಬಡಿಯುವ ಸಪ್ಪಳವೇ ಚಂದ ಇರುತ್ತದೆ. ಬೀಸುವಾಗ, ಕುಟ್ಟುವಾಗ ನಮ್ಮ ಅಜ್ಜಿಯರು ಹೇಳುತ್ತಿದ್ದ ಪದಗಳನ್ನು ನಾವೇ ಹಾಡಿ ಹಾಕೋಣ. ಅದಕ್ಕೆ ಯಾರ ಪರವಾನಗಿಯೂ ಬೇಡ.

ಬಾಕಿ ಇರುವ ಸದಸ್ಯೆಯ ಹೆಸರು

ಈಗ ಹೇಳುವುದು ಸ್ವಲ್ಪ ಮನಸ್ಸಿಗೆ ನೋವಾಗುವ ವಿಷಯ. ಒಂದು ಸಂಘದಲ್ಲಿ ಒಬ್ಬ ತಂಗಿ ಎರಡು ಕಂತು ಕಟ್ಟಿರಲಿಲ್ಲ. ಸಂಘದವರು ಸಿಟ್ಟಿನಿಂದ ಅವಳ ಹೆಸರು, ಫೋಟೋ ಸಮೇತ "ಬಾಕಿದಾರಳು" ಎಂದು ವಾಟ್ಸಾಪಿನಲ್ಲಿ ಹಾಕಿದರು. ಅದು ಸಂಘದ ಗ್ರೂಪ್ ಎಂದು ಅವರ ಲೆಕ್ಕ. ಆದರೆ ಆ ಗ್ರೂಪಿನಲ್ಲಿ ರೊಟ್ಟಿಯ ಗಿರಾಕಿಗಳೂ ಇದ್ದರು, ಅವಳ ಮೈದುನನೂ ಇದ್ದ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಗಂಡನಿಗೆ ಆಪರೇಶನ್ ಆಗಿ ಅವಳು ಹದಿನೈದು ದಿನ ದವಾಖಾನೆಯಲ್ಲಿದ್ದಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬಹಳ ದಿನ ಅವಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಸಂಘದವರು ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಅವಳು ಉಳಿದ ಕಂತು ಪೂರಾ ಕಟ್ಟಿದಳು, ಆದರೆ ಸಂಘಕ್ಕೆ ಮರಳಿ ಬರಲಿಲ್ಲ. "ದುಡ್ಡಿನ ಬಾಕಿ ತೀರಿಸೇನಿ, ನನ್ನ ಮರ್ಯಾದಿ ಬಾಕಿ ಯಾರು ತೀರಸ್ತೀರಿ?" ಎಂದು ಕೇಳಿದಳು.

ಕಾನೂನು ಇದಕ್ಕೆ ಮಾನಹಾನಿ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ, ಇಲ್ಲವೆ ಸಮುದಾಯ ಸೇವೆಯ ಶಿಕ್ಷೆ ಆಗಬಹುದು. ಬಾಕಿ ಇರುವುದು ನಿಜವೇ ಇರಬಹುದು. ಆದರೆ ನಿಜವಾದ ಮಾತನ್ನೂ ಊರಿನ ಮುಂದೆ ಇಡಲು ಸಾರ್ವಜನಿಕ ಹಿತದ ಕಾರಣ ಬೇಕು. ಒಬ್ಬಳ ಎರಡು ಕಂತಿನಲ್ಲಿ ಊರಿನ ಹಿತ ಏನಿದೆ?

ಮೈಕ್ರೋ ಫೈನಾನ್ಸ್‌ನವರು ಬಾಗಿಲಿಗೆ ಬಂದು ಕೂಗಾಡಿದಾಗ ನಮ್ಮ ಹೆಣ್ಣುಮಕ್ಕಳು ಎಷ್ಟು ನೊಂದರು ಎಂಬುದು ಎಲ್ಲರಿಗೂ ಗೊತ್ತಿದೆ. ಅಂಥ ಕಿರುಕುಳ ತಡೆಯಲೆಂದೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದರಲ್ಲಿ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡದ ಮಾತಿದೆ. ಅವರ ಕೂಗಾಟವನ್ನು ವಿರೋಧಿಸಿದ ನಾವೇ ಮೊಬೈಲಿನಲ್ಲಿ ಅದೇ ಕೆಲಸ ಮಾಡಬಹುದೇ? ಬಾಕಿಯ ಮಾತು ವಾರದ ಸಭೆಯಲ್ಲಿ, ಎದುರಾಎದುರು ಕುಂತು ಆಗಲಿ. ಅದು ಠರಾವು ಪುಸ್ತಕದಲ್ಲಿ ದಾಖಲಾಗಲಿ. ಗ್ರೂಪಿಗೆ ಬರುವುದು ಬೇಡ.

ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರಿಗೂ ಇದೇ ನಿಯಮ. ಅವರು ನಮ್ಮನ್ನು ನಂಬಿ ಕೊಟ್ಟದ್ದು. ಅದನ್ನು ಬೇರೆ ವ್ಯಾಪಾರಿಗೆ ಕೊಡುವುದು, ಕೇಳದೆ ಗ್ರೂಪಿಗೆ ಸೇರಿಸುವುದು ಸರಿಯಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಆಗಿದೆ, 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಗಿರಾಕಿ ನಮ್ಮ ಬಗ್ಗೆ ಕೆಟ್ಟದಾಗಿ ಬರೆದರೆ? "ರೊಟ್ಟಿ ಮುರಿದು ಬಂದಾವ, ದುಡ್ಡು ವೇಸ್ಟ್" ಎಂದು ಬರೆದಳು ಎಂದುಕೊಳ್ಳಿ. ತಾನು ಅನುಭವಿಸಿದ್ದನ್ನು ಹೇಳುವ ಹಕ್ಕು ಅವಳಿಗಿದೆ. ಜಗಳಕ್ಕೆ ನಿಲ್ಲಬೇಡಿ. "ತಪ್ಪಾಗಿದೆ ಅಕ್ಕಾ, ಬೇರೆ ಕಳಿಸ್ತೀವಿ" ಎಂದು ಎಲ್ಲರಿಗೂ ಕಾಣುವಂತೆ ಬರೆಯಿರಿ. ಹಾಗೆಯೇ ಪಕ್ಕದ ಸಂಘದ ಹಿಂಡಿಯಲ್ಲಿ ಹುಳ ಇದೆ, ಅವರ ಎಣ್ಣೆ ಕಲಬೆರಕೆ ಎಂದು ಪುರಾವೆ ಇಲ್ಲದೆ ಹಾಕಬೇಡಿ. ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ದಶಾಜ್ಞೆಗಳಲ್ಲಿಯೂ ಇದೆ, ನಿಮ್ಮ ನಿಮ್ಮ ಮನೆಯ ಹಿರಿಯರು ಹೇಳಿದ್ದರಲ್ಲಿಯೂ ಇದೆ.

ಗ್ರೂಪಿನ ಅಡ್ಮಿನ್ ಆಗಿರುವ ಅಕ್ಕನವರಿಗೆ

ಬಹಳ ಸಂಘಗಳಲ್ಲಿ ಪ್ರತಿನಿಧಿಯೇ ಅಡ್ಮಿನ್. "ಯಾರೋ ಏನೋ ಹಾಕಿದ್ರ ನನ್ನ ಜೈಲಿಗೆ ಹಾಕ್ತಾರೇನ್ರಿ?" ಎಂದು ಕೇಳುತ್ತೀರಿ. ಭಯಕ್ಕೆ ಕಾರಣ ಇದೆ. 2017ರ ಮೇ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನಲ್ಲಿ, ಗ್ರೂಪಿನಲ್ಲಿ ಪ್ರಧಾನಿಯವರ ತಿರುಚಿದ ಚಿತ್ರ ಬಂತು ಎಂಬ ದೂರಿನ ಮೇಲೆ ಅಡ್ಮಿನ್ ಆಗಿದ್ದ ಯುವಕನನ್ನು ಪೊಲೀಸರು ಬಂಧಿಸಿದ್ದರು. ಆಮೇಲೆ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಗಾರರಾಗುವುದಿಲ್ಲ ಎಂದು ತೀರ್ಪು ಕೊಟ್ಟಿವೆ. ಆದರೆ ಅಡ್ಮಿನ್ ತಾನೇ ಅದನ್ನು ಮುಂದೆ ಕಳಿಸಿದರೆ, ಕೂಡಿ ಮಾಡಿದರೆ ಮಾತು ಬೇರೆ.

ವ್ಯಾಪಾರದ ಗ್ರೂಪಿನಲ್ಲಿ ವ್ಯಾಪಾರ ಬಿಟ್ಟು ಬೇರೆ ಬೇಡ ಎಂದು ಮೊದಲೇ ಬರೆದು ಹಾಕಿ. ಅಡ್ಮಿನ್ ಮಾತ್ರ ಹಾಕುವಂತೆ ಸೆಟ್ಟಿಂಗ್ ಮಾಡಿ. ಯಾವುದಾದರೂ ಜಾತಿ ಧರ್ಮದ ಕೆಟ್ಟ ಮಾತು, ಗಾಳಿಸುದ್ದಿ ಬಂದರೆ ಕೂಡಲೇ ಅಳಿಸಿ, ಹಾಕಿದವರಿಗೆ ತಿಳಿಹೇಳಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಮರೆಯಬಾರದು. ಹೈದರಾಬಾದಿನಿಂದ ಬಂದ ಸ್ನೇಹಿತರು ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಗುಂಪಿನ ಹೊಡೆತಕ್ಕೆ ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟರು. ಬಂಧನಕ್ಕೆ ಒಳಗಾದವರಲ್ಲಿ ಗ್ರೂಪಿನ ಅಡ್ಮಿನ್‌ನೂ ಇದ್ದ. ಆ ದಿನ ಫಾರ್ವರ್ಡ್ ಒತ್ತಿದವರಲ್ಲಿ ಎಷ್ಟೋ ಜನ "ನಂದೇನ ತಪ್ಪು" ಅಂದುಕೊಂಡಿರಬೇಕು.

ಪೇಜು ಯಾರದು?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಜಗಳ ಶುರುವಾಗುವುದು ಇಲ್ಲೇ. ಸಂಘದ ಫೇಸ್‌ಬುಕ್ ಪೇಜನ್ನು ಒಬ್ಬ ಸದಸ್ಯೆಯ ಮಗ ಮಾಡಿಕೊಡುತ್ತಾನೆ. ಪಾಸ್‌ವರ್ಡ್ ಅವನ ಬಳಿ, ಸಿಮ್ ಅವನ ಹೆಸರಿನಲ್ಲಿ, ಫೋನ್‌ಪೇ ಅವನ ಅಮ್ಮನ ಖಾತೆಗೆ. ಅವನು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾನೆ, ಇಲ್ಲವೇ ಅಮ್ಮ ಸಂಘ ಬಿಡುತ್ತಾಳೆ. ಮೂರು ವರ್ಷ ಕೂಡಿಸಿದ ಗಿರಾಕಿಗಳೆಲ್ಲ ಅವರ ಜೊತೆ ಹೋದರು. ಯಾರದು ಎಂದು ಹೇಳಲು ಒಂದು ಕಾಗದವೂ ಇಲ್ಲ.

ಸಂಘಕ್ಕೆಂದೇ ಒಂದು ಸಿಮ್ ತಗೊಳ್ಳಿ. ಪೇಜು, ವಾಟ್ಸಾಪ್, ಹಣ ಬರುವ ಖಾತೆ ಸಂಘದ್ದು ಎಂದು ಠರಾವು ಮಾಡಿ, ಎಲ್ಲರೂ ಸಹಿ ಹಾಕಿ. ಪಾಸ್‌ವರ್ಡ್ ಇಬ್ಬರು ಪ್ರತಿನಿಧಿಗಳ ಬಳಿ ಇರಲಿ. ಪ್ರತಿನಿಧಿ ಬದಲಾದಾಗ ಪಾಸ್‌ವರ್ಡ್ ಬದಲಿಸಿ. ಬಂದ ಹಣವೆಲ್ಲ ಸಂಘದ ಖಾತೆಗೇ ಬರಲಿ. ಲೆಕ್ಕವೂ ಸರಿ ಇರುತ್ತದೆ, ಮನಸ್ಸೂ ಸರಿ ಇರುತ್ತದೆ.

ನಮಗೇ ಮೋಸವಾದರೆ

ಕಾನೂನು ನಮ್ಮನ್ನು ಕಟ್ಟಿಹಾಕಲು ಮಾತ್ರ ಇಲ್ಲ, ಕಾಯಲೂ ಇದೆ. "ಮಿಲಿಟರಿಯಲ್ಲಿದ್ದೇವೆ, ಐವತ್ತು ಸೀರೆ ಬೇಕು, ಅಡ್ವಾನ್ಸ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಎಂದು ಫೋನ್ ಬರುತ್ತದೆ. ನೆನಪಿಡಿ, ಹಣ ತಗೊಳ್ಳಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ. ಹೋದರೆ ಅಳುತ್ತಾ ಕೂಡಬೇಡಿ, ಮನೆಯವರು ಬೈತಾರೆ ಎಂದು ಮುಚ್ಚಿಡಬೇಡಿ. ಕೂಡಲೇ 1930 ನಂಬರಿಗೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಹಣ ತಡೆಯುವ ಸಾಧ್ಯತೆ. ನಮ್ಮ ಸಂಘದ ಹೆಸರಿನಲ್ಲಿ ಯಾರಾದರೂ ಸುಳ್ಳು ಖಾತೆ ತೆರೆದು ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸಜೆ ಇದೆ. ಸದಸ್ಯೆಯ ಫೋಟೋವನ್ನು ಕೆಡಿಸಿ ಹಾಕಿದರೂ ಅಪರಾಧವೇ, ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. ಜಿಲ್ಲೆಯಲ್ಲಿ ಇದಕ್ಕೆಂದೇ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. ದೂರು ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಸಿಟ್ಟಿನಲ್ಲಿ ಅಳಿಸಬೇಡಿ.

ನೋಟಿಸು ಬಂದರೆ ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೆ 15100ಕ್ಕೆ ಫೋನ್ ಮಾಡಿ. ಇದು ದಾನ ಅಲ್ಲ, ಹಕ್ಕು.

ಕೊನೆಯ ಮಾತು

ನಮ್ಮ ಬೆಲ್ಲದ ಕಾರ್ಡ್ ಏನಾಯಿತು ಎಂದು ಕೇಳಬಹುದು. ಹೊಸದು ಮಾಡಿದೆವು. ಮಹಾಲಿಂಗಪುರದ ಬೆಲ್ಲ, ತೂಕ ಇಷ್ಟು, ಇಂಥ ತಿಂಗಳು ಮಾಡಿದ್ದು, ಬೆಲೆ ಇಷ್ಟು, ನೋಂದಣಿ ನಂಬರ್ ಇದು, ದೂರಿದ್ದರೆ ಈ ನಂಬರಿಗೆ ಹೇಳಿ. ಅಷ್ಟೇ. ಮೊದಲ ತಿಂಗಳು ಮಾರಾಟ ಕಡಿಮೆಯಾಯಿತು, ಮುಚ್ಚಿಡುವುದಿಲ್ಲ. "ಶುಗರ್‌ನವರಿಗೆ ನಡೀತದೇನ್ರಿ?" ಎಂದು ಈಗಲೂ ಕೇಳುತ್ತಾರೆ. "ನಡೆಯೂದಿಲ್ರಿ, ಡಾಕ್ಟರ್‌ನ ಕೇಳ್ರಿ" ಎಂದು ಅಕ್ಕನವರು ಹೇಳುತ್ತಾರೆ. ಹಾಗೆ ಹೇಳಿಸಿಕೊಂಡವರಲ್ಲಿ ಕೆಲವರು ಮನೆಯ ಉಳಿದವರಿಗೆಂದು ಬೆಲ್ಲ ತರಿಸಿಕೊಂಡಿದ್ದಾರೆ.

ಸಂಘದ ಗೋಡೆಗೆ ಬರೆದು ಹಚ್ಚಲು:

1. ಗೊತ್ತಿಲ್ಲದ ಗುಣ ಬರೆಯುವುದಿಲ್ಲ. ರೋಗದ ಮಾತು ಬರೆಯುವುದೇ ಇಲ್ಲ.
2. ಫೋಟೋ ನಮ್ಮದು, ಮಾಲು ನಮ್ಮದು, ಹೆಸರು ನಿಜವಾದದ್ದು.
3. ನೋಂದಣಿ ನಂಬರ್, ತೂಕ, ಬೆಲೆ, ತಿಂಗಳು ಕಾರ್ಡಿನಲ್ಲಿ ಇರಲಿ. ಬಿಲ್ ಕೊಡೋಣ.
4. ಬಾಕಿಯ ಮಾತು ಸಭೆಯಲ್ಲಿ, ಗ್ರೂಪಿನಲ್ಲಿ ಅಲ್ಲ.
5. ಪೇಜು, ಸಿಮ್, ಖಾತೆ ಸಂಘದ ಹೆಸರಿನಲ್ಲಿ. ಠರಾವು ಇರಲಿ.
6. ಮೋಸವಾದರೆ 1930. ಕಾನೂನು ನೆರವಿಗೆ 15100. ಗ್ರಾಹಕರ ಸಹಾಯವಾಣಿ 1915.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಈಗಿನ ಕಾರ್ಡಿನಲ್ಲಿ ನಾವು ಪುರಾವೆ ಕೊಡಲಾಗದ ಮಾತು ಯಾವುದಿದೆ? ನಮ್ಮ ಗ್ರೂಪಿನಲ್ಲಿ ಯಾರ್‍ಯಾರು ಇದ್ದಾರೆ ಎಂದು ಎಣಿಸಿದ್ದೇವೆಯೇ? ಪಾಸ್‌ವರ್ಡ್ ಯಾರ ಬಳಿ ಇದೆ?